ಇಬ್ಬರ ಟಿಕೆಟ್ಟಿಗೆ ಒಂದು ತೊಟ್ಟಿಲು

ಬೆಳಿಗ್ಗೆ ಹನ್ನೊಂದೂವರೆಗೆ ಪ್ರವಾಸ ಕಚೇರಿಯಿಂದ ಫೋನ್ ಬಂತು. ಇಟಲಿಯ ಬಾಡಿಗೆ ಮನೆಗೆ ತೊಟ್ಟಿಲು ಒಂದು ಸಾಕೇ, ಎರಡು ಬೇಕೇ ಎಂದು ಆ ಕಡೆಯ ಹುಡುಗಿ ಕೇಳಿದಳು.

ಜಿಪ್ಪಮ್ಮನ ತೊಡೆಯ ಮೇಲೆ ಯಾರದೋ ಪ್ಯಾಂಟು ಇತ್ತು. ಹಾಳಾದ ಜಿಪ್ಪನ್ನು ಅರ್ಧ ಬಿಚ್ಚಿಯಾಗಿತ್ತು. ಬೀದಿಯವರು ಅವಳಿಗೆ ಆ ಹೆಸರಿಟ್ಟು ಎಷ್ಟು ಕಾಲವಾಯಿತೆಂದರೆ ಈಗ ಅವಳ ಅತ್ತೆಯೂ ಹಾಗೇ ಕರೆಯುತ್ತಾಳೆ. ಇಸ್ತ್ರಿ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಇರುವ ಅವಳ ಒಂದೇ ಕೋಣೆಯಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಜಿಪ್ಪು ಬದಲಿಸುವುದು, ಸೊಂಟ ಸಡಿಲಿಸುವುದು, ಉದ್ದ ಮಡಿಸುವುದು, ಇಷ್ಟೇ. ಹೊಟ್ಟೆ ಬೆಳೆಯುತ್ತದೆ, ಪ್ಯಾಂಟು ಬೆಳೆಯುವುದಿಲ್ಲ. ಇಬ್ಬರಿಗೂ ರಾಜಿ ಮಾಡಿಸುವುದೇ ನನ್ನ ಕೆಲಸ ಎಂದು ಅವಳು ಗಿರಾಕಿಗಳಿಗೆ ಹೇಳುವುದುಂಟು.

"ತೊಟ್ಟಿಲು ಯಾರಿಗಮ್ಮ?" ಎಂದಳು.

"ನಿಮ್ಮ ಮೊಮ್ಮಕ್ಕಳಿಗೆ ಮೇಡಂ. ಚಿಕ್ಕದಕ್ಕಂತೂ ಬೇಕು. ದೊಡ್ಡದು ನಿಮ್ಮ ಜೊತೆ ಮಲಗತ್ತಾ ಅಂತ ಕೇಳೋಣ ಅಂದ್ಕೊಂಡೆ. ನಿಮ್ಮ ಯಜಮಾನ್ರಿಗೆ ಗೊತ್ತಿರಲಿಲ್ಲ."

"ಅವರು ಯಾವಾಗ ಬಂದಿದ್ರು?"

"ನಿನ್ನೆ. ನೀವಿಬ್ಬರೇ ಅಂತ ಇದ್ದಿದ್ದನ್ನ ನಿಮ್ಮ ಮಗಳು, ಅಳಿಯ, ಮಕ್ಕಳು ಸೇರಿ ಆರು ಜನ ಮಾಡಿಸಿದ್ರು. ಅಳಿಯಂದಿರು ಪಾಠ ಮಾಡೋ ಸ್ಕೂಲಿಗೆ ರಜೆ ಇರಬೇಕಲ್ಲ, ಅದಕ್ಕೆ ಸೆಪ್ಟೆಂಬರ್ ಬಿಟ್ಟು ಡಿಸೆಂಬರಿಗೆ ಹಾಕಿದೀವಿ." ಹುಡುಗಿ ಅನುಮಾನದಿಂದ ದನಿ ತಗ್ಗಿಸಿದಳು. "ನಿಮಗೆ ಗೊತ್ತಿಲ್ವಾ ಮೇಡಂ?"

"ಹಳೇ ಟಿಕೆಟ್ ರದ್ದಾಗಿದೆಯಾ?"

"ಇಲ್ಲ. ಎರಡೂ ಹೆಸರಿನವರು ಸಹಿ ಮಾಡಬೇಕು. ತಿಂಗಳ ಕೊನೆವರೆಗೂ ಹಾಗೇ ಇಟ್ಟಿರ್ತೀನಿ."

"ಹಾಗೇ ಇಟ್ಟಿರು" ಎಂದು ಜಿಪ್ಪಮ್ಮ ಫೋನ್ ಇಟ್ಟಳು. ಆಮೇಲೆ ಉಳಿದ ಜಿಪ್ಪನ್ನು ಬಿಚ್ಚುವ ಬದಲು ಒಂದೇ ಸಲಕ್ಕೆ ಕಿತ್ತಳು. ಬಟ್ಟೆಯೂ ಒಂದಿಷ್ಟು ಹರಿಯಿತು. ಹದಿನೈದು ವರ್ಷದಲ್ಲಿ ಅವಳು ಗಿರಾಕಿಯ ಬಟ್ಟೆ ಹರಿದದ್ದು ಅದೇ ಮೊದಲು.

ಈ ಪ್ರವಾಸದ ಬೀಜ ಬಿದ್ದದ್ದು ಅವಳ ಗಂಡನ ತಲೆಯಲ್ಲಿ. ಗಂಡ ನೆಲಕ್ಕೆ ಕಲ್ಲು, ಟೈಲ್ಸು ಹಾಸುವ ಮೇಸ್ತ್ರಿ. ಅವನು ಕಲ್ಲು ಕೊಳ್ಳುವ ಮಳಿಗೆಯ ಗೋಡೆಯಲ್ಲಿ ಒಂದು ದೊಡ್ಡ ಚಿತ್ರವಿತ್ತು: ಇಟಲಿಯ ಯಾವುದೋ ಬೆಟ್ಟದೂರಿನ ಹಳೆಯ ಚರ್ಚು, ಅದರ ನೆಲದ ತುಂಬ ಬಿಳಿ, ಕಪ್ಪು, ಕೆಂಪು ಅಮೃತಶಿಲೆಯಲ್ಲಿ ಕೂರಿಸಿದ ಮನುಷ್ಯರು, ಕುದುರೆಗಳು, ಹಡಗುಗಳು. "ಸಾಯೋದ್ರೊಳಗೆ ಒಂದು ಸಲ ಅದರ ಮೇಲೆ ನಿಂತು ಬರಬೇಕು ಕಣೇ" ಎಂದು ಮೇಸ್ತ್ರಿ ಊಟದ ಹೊತ್ತಿನಲ್ಲಿ ಹೇಳುತ್ತಲೇ ಬಂದಿದ್ದ. ಹೇಳುವುದು ಅವನು, ಮಾಡುವುದು ಅವಳು. ಆ ಮನೆ ನಡೆದುಬಂದದ್ದೇ ಹಾಗೆ. ದುಡ್ಡು ಇಬ್ಬರದೂ ಸಮಸಮ. ಪಾಸ್‌ಪೋರ್ಟು, ಕಚೇರಿ, ದಿನಾಂಕ ಎಲ್ಲ ಅವಳ ತಲೆಗೆ. ದಿನಾಂಕ ಯಾವಾಗ ಇಡೋಣ ಎಂದು ಅವಳು ಕೇಳಿದಾಗ ಮೇಸ್ತ್ರಿ, "ನಿನಗೆ ಹೇಗೆ ಅನುಕೂಲವೋ ಹಾಗೆ" ಎಂದು ಕೈತೊಳೆಯಲು ಎದ್ದಿದ್ದ.

ಅವಳಿಗೆ ಬೇಕಾಗಿದ್ದು ಬೇರೆ. ಚರ್ಚು, ಕುದುರೆ ಏನೂ ಅಲ್ಲ. ಕೂತು, ಯಾರೋ ತಂದಿಟ್ಟ ಊಟವನ್ನು, ನಡುವೆ ಒಂದು ಸಲವೂ ಏಳದೆ ಮುಗಿಸಬೇಕು. ಮದುವೆಯಾದ ಮೇಲೆ ಅವರು ಮೂರು ಸಲ ಸಮುದ್ರದ ದಂಡೆಗೆ ಹೋಗಿದ್ದರು, ಮೂರು ಸಲವೂ ಮಕ್ಕಳೊಂದಿಗೆ, ಮೂರು ಸಲವೂ ಅಡುಗೆಮನೆ ಇರುವ ಕೋಣೆ. ಸಮುದ್ರ ಹೇಗಿತ್ತು ಎಂದು ಯಾರಾದರೂ ಕೇಳಿದರೆ, ಅಲ್ಲಿನ ಒಲೆ ಹೇಗಿತ್ತು ಎಂಬುದು ಅವಳಿಗೆ ಮೊದಲು ನೆನಪಾಗುತ್ತಿತ್ತು.

ಅಂದು ಸಂಜೆ ಆಲೂಗಡ್ಡೆ ಬೇಯಿಸಿ ಮೊಟ್ಟೆ ಹುರಿದಿದ್ದಳು. ಅತ್ತೆ, ಮೇಸ್ತ್ರಿ, ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮಗ, ಮೂವರೂ ತಟ್ಟೆಯ ಮುಂದಿದ್ದರು. ಜಿಪ್ಪಮ್ಮ ಬಡಿಸಲಿಲ್ಲ. ಪಾತ್ರೆಯನ್ನು ಮೇಜಿನ ನಡುವೆ ಕುಕ್ಕಿ ತಾನೂ ಕೂತಳು.

"ತೊಟ್ಟಿಲು ಒಂದು ಸಾಕಾ, ಎರಡು ಬೇಕಾ?"

ಮೇಸ್ತ್ರಿ ಉಪ್ಪಿನ ಡಬ್ಬಿಯನ್ನು ನೋಡಿದ. "ಹೇಳೋಣ ಅಂತಿದ್ದೆ."

"ಯಾವಾಗ? ವಿಮಾನ ಇಳಿದ ಮೇಲಾ?"

"ಮಗಳು ಬಾಯಿಬಿಟ್ಟು ಕೇಳಿದಳು ಕಣೇ. ಪಾಪ, ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ನಿಂತು ಅವಳ ಕಾಲು ಊದಿರತ್ತೆ. ನಮಗೂ ಒಂದು ಬದಲಾವಣೆ ಬೇಡ್ವಾಪ್ಪ ಅಂದಳು. ಹೇಗೆ ಇಲ್ಲ ಅನ್ಲಿ?"

"ನಾಲಿಗೆಯಿಂದ ಅನ್ನಬೇಕು. ನನಗೆ ಅಂತೀರಲ್ಲ, ಹಾಗೆ."

"ಹೋಗ್ಲಿ ಬಿಡು. ಎಲ್ಲ ಜೊತೆಗಿದ್ರೆ ಖುಷಿಯಾಗಿರತ್ತೆ."

"ಯಾರಿಗೆ?"

ಅತ್ತೆ ಬಾಯೊಳಗಿನ ಆಲೂಗಡ್ಡೆಯನ್ನು ನಿಧಾನವಾಗಿ ನುಂಗಿದಳು. ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತಳಾದವಳು. ಈಗಲೂ ಮನೆಯಲ್ಲಿ ಎಲ್ಲರೂ ಹತ್ತಿದರೋ ಇಲ್ಲವೋ ಎಂದು ಎಣಿಸುವ ಕಣ್ಣು. "ಸೀಟು ಇದ್ರೆ ಹತ್ತಿಸಿಕೊಳ್ಳಬೇಕಮ್ಮ. ಕೈ ತೋರಿಸಿದವರನ್ನ ಬಿಟ್ಟು ಹೋಗಬಾರದು."

"ಇದು ಬಸ್ಸಲ್ಲ ಅತ್ತೆ. ನಾನು ಡ್ರೈವರೂ ಅಲ್ಲ."

"ಅಮ್ಮಾ," ಎಂದ ಮಗ, ಜಗಳದ ನಡುವೆ ದಾರಿ ಮಾಡಿಕೊಂಡು, "ನನ್ನ ನೀಲಿ ಅಂಗಿ ಎಲ್ಲಿ?"

"ಇಟಲಿಯಲ್ಲಿದೆ. ಹೋಗಿ ತಗೊಂಡು ಬಾ."

ಭಾನುವಾರ ಮಗಳು ಬಂದಳು. ಕಂಕುಳಲ್ಲಿ ಒಂದು ಮಗು, ಸೆರಗು ಹಿಡಿದು ಇನ್ನೊಂದು. ಬಂದವಳೇ ಎರಡನ್ನೂ ತಾಯಿಯ ಮಡಿಲಿಗೆ ದಾಟಿಸಿ, ಕಾಲು ಚಾಚಿ ಕೂತಳು. ವಾರದ ಐದು ಸಂಜೆಯೂ ಅವಳು ಮಕ್ಕಳನ್ನು ಜಿಪ್ಪಮ್ಮನ ಅಂಗಡಿಯಲ್ಲಿ ಬಿಟ್ಟಿರುತ್ತಿದ್ದಳು. ಚಿಕ್ಕದು ಗುಂಡಿಗಳ ಡಬ್ಬಿ ಚೆಲ್ಲುತ್ತಿತ್ತು. ದೊಡ್ಡದು ಹೊಲಿಗೆ ಯಂತ್ರದ ಕೆಳಗೆ ನುಸುಳಿ ಪೆಡಲು ಹಿಡಿಯುತ್ತಿತ್ತು. ಆಗಬಹುದಾ ಎಂದು ಮಗಳು ಕೇಳಿದ್ದು ಮೊದಲ ದಿನ ಮಾತ್ರ.

"ಎಲ್ಲ ಯೋಚನೆ ಮಾಡಿದೀನಿ ಅಮ್ಮ," ಎಂದಳು ಮಗಳು. "ಹೋಟೆಲ್ ಬೇಡ. ಅಡುಗೆಮನೆ ಇರೋ ಮನೆಯೇ ಆಗಲಿ. ಮಕ್ಕಳಿಗೆ ಹೊರಗಿನದು ಆಗಲ್ಲ. ನೀನು ಬೆಳಿಗ್ಗೆ ಒಂದಿಷ್ಟು ಬೇಯಿಸಿಬಿಟ್ರೆ ದಿನಕ್ಕೆ ಸಾಕು."

"ಆಮೇಲೆ?"

"ಆಮೇಲೆ ಎಲ್ಲ ಸುತ್ತೋಣ. ಸಂಜೆ ಮಕ್ಕಳು ಮಲಗ್ತಾವಲ್ಲ, ಆಗ ನೀನಿರ್ತೀಯ. ನಾವಿಬ್ಬರೂ ಸ್ವಲ್ಪ ಹೊರಗೆ ಹೋಗಿ ಬರ್ತೀವಿ. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲೂ ಹೋಗಿಲ್ಲ ಅಮ್ಮ, ನಿನಗೆ ಅರ್ಥ ಆಗಲ್ಲ."

ಜಿಪ್ಪಮ್ಮ ಮಗುವಿನ ಬಾಯಿ ಒರೆಸುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ನನಗೆ ಅರ್ಥ ಆಗಲ್ಲ," ಎಂದಳು. "ನಿನ್ನ ಅಪ್ಪನೂ ನಾನೂ ಇಬ್ಬರೇ ಹೋಗಿದ್ದು ಯಾವಾಗ ಹೇಳು? ನಿನ್ನನ್ನ ಹೆರೋಕೆ ಆಸ್ಪತ್ರೆಗೆ ಹೋದಾಗ. ಬರೋವಾಗ ಮೂರು ಜನ ಆಗಿದ್ವಿ."

"ಎಲ್ಲದಕ್ಕೂ ಕೊಂಕು ನಿನ್ನದು! ಮೊಮ್ಮಕ್ಕಳನ್ನ ಬಿಟ್ಟು ನಿನಗೆ ಇರೋಕಾಗಲ್ಲ ಅಂತ ನಾವೇ ಕರ್ಕೊಂಡು ಬರ್ತಿದೀವಿ."

"ಆಗಲ್ಲ ಅಂತ ಯಾರು ಹೇಳಿದ್ರು?"

"ಅಪ್ಪ."

ಮೇಸ್ತ್ರಿ ಆ ಹೊತ್ತಿಗೆ ಹಿತ್ತಲಲ್ಲಿ, ಸರಿಯಾಗಿಯೇ ಇದ್ದ ನಲ್ಲಿಯನ್ನು ರಿಪೇರಿ ಮಾಡುತ್ತಿದ್ದ.

"ಊರು ಸುತ್ತಿಸ್ತೀವಿ ಅಂತ ಅಡುಗೆಮನೆಯಿಂದ ಅಡುಗೆಮನೆಗೆ ಸಾಗಿಸ್ತಿದ್ದೀರಿ," ಎಂದಳು ಜಿಪ್ಪಮ್ಮ. "ಅದೂ ನನ್ನದೇ ದುಡ್ಡಲ್ಲಿ. ಕತ್ತೆಗಾದ್ರೂ ಹೊರೆ ಹೊತ್ತ ಮೇಲೆ ಹುಲ್ಲು ಹಾಕ್ತಾರೆ."

ಮಗಳ ಕಣ್ಣಲ್ಲಿ ನೀರು ಬಂತು. ಬಂದದ್ದು ನಿಜವಾದ ನೀರೇ. ಅವಳು ದಣಿದಿದ್ದಳು, ಅದೂ ನಿಜ. ಆದರೆ ಎರಡು ನಿಜಗಳ ನಡುವೆ ಊಟದ ಪಾತ್ರೆ ತೊಳೆದವಳು ಜಿಪ್ಪಮ್ಮನೇ.

ಮುಂದಿನ ವಾರಗಳಲ್ಲಿ ಮನೆಯ ಲಯ ಕೆಟ್ಟಿತು. ಜಿಪ್ಪಮ್ಮ ಅಡುಗೆ ಮಾಡುವಳು, ಬಡಿಸಳು. ಬಟ್ಟೆ ಒಗೆಯುವಳು; ಮಡಿಸಳು. ಒಣಗಿದ ಬಟ್ಟೆಗಳು ಕುರ್ಚಿಯ ಮೇಲೆ ಗುಡ್ಡವಾದವು. ಅದರೊಳಗೆ ಮಗ ಪ್ರತಿ ಬೆಳಿಗ್ಗೆ ಬಾವಿಗೆ ಇಳಿದವನಂತೆ ಮುಳುಗಿ ಏಳುತ್ತಿದ್ದ. ಮೇಸ್ತ್ರಿ ಒಂದು ದಿನ ಎರಡು ಬಣ್ಣದ ಕಾಲುಚೀಲದಲ್ಲಿ ಕೆಲಸಕ್ಕೆ ಹೋದ. ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಸಹಿ ಮಾಡೋಕೆ ಹೋಗೋಣವೇ ಎಂದು ಅವನು ಎರಡು ಸಲ ಕೇಳಿದ, ಎರಡು ಸಲವೂ ಅವಳು "ಯಾವ ಟಿಕೆಟ್ಟಿಗೆ?" ಎಂದಳು. ಅವನು ಮಾತು ಬದಲಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವನ ಹುಟ್ಟುಗುಣ. ಮನೆಯಲ್ಲಿ ಪ್ರತಿ ಸಲವೂ ಮುರಿದ ಕೋಲು ಯಾರದೆಂದು ಅವನು ತಿರುಗಿ ನೋಡಿದವನಲ್ಲ.

ಕೊನೆಯ ವಾರ ಒಂದು ಮಧ್ಯಾಹ್ನ ಅವನು ಊಟದ ಡಬ್ಬಿ ಮರೆತು ಹೋದ. ತಾನು ಬಡಿಸದಿದ್ದರೂ ಅವನು ಹಸಿದಿರುವುದನ್ನು ಅವಳಿಗೆ ಸಹಿಸಲಾಗಲಿಲ್ಲ. ಆ ಸಿಟ್ಟನ್ನೂ ಜೊತೆಗೆ ಹೊತ್ತು ಡಬ್ಬಿ ಹಿಡಿದು ಹೊರಟಳು. ಹೊಸ ಮನೆ, ಗೋಡೆಗೆ ಇನ್ನೂ ಬಣ್ಣವಾಗಿರಲಿಲ್ಲ. ಮೇಸ್ತ್ರಿ ಮೊಣಕಾಲ ಮೇಲೆ ಕೂತು ಗಾರೆ ಇಲ್ಲದೆ ಬರಿಯ ಟೈಲ್ಸುಗಳನ್ನು ಜೋಡಿಸಿ ನೋಡುತ್ತಿದ್ದ. ಕೋಣೆಯ ನಡುವಿನಿಂದ ಶುರುಮಾಡಿ ನಾಲ್ಕೂ ಕಡೆ ಹರಡಿಕೊಂಡು ಹೋಗುವುದು, ಎಲ್ಲಿ ಕತ್ತರಿಸಿದ ತುಂಡು ಬೀಳುತ್ತದೆಂದು ಮೊದಲೇ ತಿಳಿಯುವುದು ಅವನ ಪದ್ಧತಿ.

"ಈ ಕಡೆ ತುಂಡು ಬರತ್ತಲ್ಲ," ಎಂದಳು ಅವಳು ಬಾಗಿಲಲ್ಲಿ ನಿಂತು.

"ಬರಲಿ. ಅದು ಬಾಗಿಲ ಹಿಂದೆ. ಯಾರಿಗೂ ಕಾಣಲ್ಲ," ಎಂದ ಮೇಸ್ತ್ರಿ, ಕೆಲಸದ ಮಾತು ಬಂದದ್ದಕ್ಕೆ ಗೆಲುವಾಗಿ. "ಇಡೀ ಕಲ್ಲೆಲ್ಲ ನಡುವೆ, ಕಣ್ಣಿಗೆ ಬೀಳೋ ಕಡೆ. ಕತ್ತರಿಸಿದ್ದು ಬಾಗಿಲ ಹಿಂದೆ. ಎಲ್ಲಾದ್ರೂ ಕತ್ತರಿಸಲೇಬೇಕಲ್ಲ."

"ಗೊತ್ತು. ಇಪ್ಪತ್ತಾರು ವರ್ಷದಿಂದ ಬಾಗಿಲ ಹಿಂದೆಯೇ ಇದ್ದೀನಿ."

ಅವನ ಕೈಯ ಕಲ್ಲು ಕೈಯಲ್ಲೇ ಉಳಿಯಿತು. ಅವಳು ಡಬ್ಬಿಯನ್ನು ಕಿಟಕಿಯ ಅಂಚಿಗಿಟ್ಟಳು.

"ಇನ್ನೊಂದು ವಿಷಯ. ಡಿಸೆಂಬರಿನಲ್ಲಿ ನಿಮ್ಮ ಆ ನೆಲ ಕಾಣಲ್ಲ."

"ಯಾವ ನೆಲ?"

"ಚರ್ಚಿನದು. ಜನ ತುಳಿದು ಸವೆಯತ್ತೆ ಅಂತ ವರ್ಷದಲ್ಲಿ ಮುಕ್ಕಾಲು ಭಾಗ ಅದರ ಮೇಲೆ ಹಲಗೆ ಹೊದಿಸಿರ್ತಾರೆ. ಅಲ್ಲಿನ ಬೇಸಿಗೆ ಮುಗಿಯೋ ಹೊತ್ತಿಗೆ ಕೆಲವು ವಾರ ಮಾತ್ರ ತೆಗೆಯೋದು. ಸೆಪ್ಟೆಂಬರ್ ಅಂತ ನಾನು ಸುಮ್ಮನೆ ಹಾಕಿಸಿದ್ದಲ್ಲ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಡಿಸೆಂಬರಿಗೆ ಹೋದ್ರೆ ಹಲಗೆ ನೋಡ್ಕೊಂಡು ಬನ್ನಿ."

ಮೇಸ್ತ್ರಿ ಚಂಗನೆ ಎದ್ದ. ಮೊಣಕಾಲಿಗೆ ಕಟ್ಟಿದ ರಬ್ಬರಿನ ಪಟ್ಟಿ ಜಾರಿ ಪಾದಕ್ಕೆ ಬಿತ್ತು.

"ಮೊದಲೇ ಹೇಳಬಾರದಿತ್ತಾ! ಅಲ್ಲ ಕಣೇ, ಅದನ್ನ ನೋಡೋಕಲ್ವಾ ಹೋಗೋದೇ? ಎಲ್ಲಿ ನನ್ನ ಫೋನು? ಈಗಲೇ ಮಗಳಿಗೆ ಹೇಳ್ತೀನಿ. ಡಿಸೆಂಬರ್ ಆಗಲ್ಲ, ಸೆಪ್ಟೆಂಬರಿಗೆ ನಾವಿಬ್ಬರೇ ಹೋಗ್ತೀವಿ ಅಂತ. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ!"

ಜಿಪ್ಪಮ್ಮ ಅವನನ್ನೇ ನೋಡಿದಳು. ತೊಟ್ಟಿಲಿನ ಫೋನ್ ಬಂದ ದಿನವೂ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

"ಫೋನ್ ಕೆಳಗಿಡಿ."

"ಯಾಕೆ? ನೀನು ಹೇಳಿದ ಹಾಗೇ ಆಯ್ತಲ್ಲ?"

"ಕೆಳಗಿಡಿ ಅಂದೆ. ಇಷ್ಟು ದಿನದಿಂದ ಬಾಯಿ ನೋಯೋ ಹಾಗೆ ಹೇಳ್ತಿದ್ದೀನಿ. ಬೈದೆ, ಬಡಿಸೋದು ಬಿಟ್ಟೆ, ನೀವು ಎರಡು ಬಣ್ಣದ ಕಾಲುಚೀಲ ಹಾಕ್ಕೊಂಡು ಓಡಾಡಿದ್ರಿ. ಆಗ ನಿಮ್ಮ ಬಾಯಿಗೆ ಇಲ್ಲ ಅನ್ನೋದು ಬರಲಿಲ್ಲ. ಕಲ್ಲಿನ ಮೇಲೆ ಹಲಗೆ ಹಾಕ್ತಾರೆ ಅಂದ ಕೂಡಲೇ ಬಂತು! ಮಗಳಿಗೆ ಬೇಜಾರಾದ್ರೂ ಪರವಾಗಿಲ್ಲ ಅಂತಲೂ ಬಂತು! ಆ ನೆಲಕ್ಕಿರೋ ಬೆಲೆ ನನಗಿಲ್ವಾ ರೀ?"

ಮೇಸ್ತ್ರಿ ಫೋನನ್ನು ಡಬ್ಬಿಯ ಪಕ್ಕಕ್ಕಿಟ್ಟ.

"ಕಲ್ಲಾದ್ರೂ ಆಗಿ ಹುಟ್ಟಬೇಕಿತ್ತು ನಾನು," ಎಂದಳು. "ಸವೆಯುತ್ತೆ ಅಂತ ಯಾರಾದ್ರೂ ಒಂದು ಹಲಗೆ ಹೊದಿಸ್ತಿದ್ರು."

"ನಾನು ಹಾಗೆ ಯೋಚನೆ ಮಾಡಲಿಲ್ಲ ಕಣೇ."

"ಮಾಡಿಲ್ಲ. ಅದೇ ನನ್ನ ಸಿಟ್ಟು." ಅವಳು ಜೋಡಿಸಿದ ಕಲ್ಲುಗಳನ್ನು ತುಳಿಯದೆ ಗೋಡೆಯ ಪಕ್ಕದಿಂದ ಬಾಗಿಲಿಗೆ ಬಂದಳು. "ಕೇಳಿ. ಭಾನುವಾರ ಅವಳು ಬರ್ತಾಳೆ. ಎಲ್ಲರೆದುರಿಗೆ ಹೇಳಬೇಕು. ಹೌದು ಅಂದ ಬಾಯಿಂದಲೇ ಇಲ್ಲ ಅನ್ನಬೇಕು. ನೆಲದ ಸುದ್ದಿ ಎತ್ತಕೂಡದು. ಅಮ್ಮ ಬೇಡ ಅಂತಾಳೆ ಅಂತ ನನ್ನ ತಲೆಗೆ ಕಟ್ಟಕೂಡದು. 'ನನಗೇ ಬೇಡ' ಅಂತ ನಿಮ್ಮ ಮಾತಾಗಿಯೇ ಹೇಳಿ. ಆಗಲ್ಲ ಅಂದ್ರೆ ಆರು ಜನರ ಟಿಕೆಟ್ಟಿಗೆ ಸಹಿ ಹಾಕಿಕೊಡ್ತೀನಿ. ಐದು ಜನ ಹೋಗಿ. ತೊಟ್ಟಿಲು ನೀವೇ ತೂಗಿ."

ಭಾನುವಾರ ಅಳಿಯನಿಗೆ ಶಾಲೆಯ ಕೆಲಸವಿತ್ತು. ಮಗಳು ಮಕ್ಕಳೊಂದಿಗೆ ಬಂದಳು. ಅನ್ನವಾಗಿತ್ತು, ತರಕಾರಿ ಬೆಂದಿತ್ತು. ಜಿಪ್ಪಮ್ಮ ಅಡುಗೆಮನೆಗೆ ಹೋಗದೆ ಗಂಡನ ಎದುರಿನ ಕುರ್ಚಿಯಲ್ಲೇ ಕೂತಳು. ಮೇಸ್ತ್ರಿ ನೀರು ಕುಡಿದ. ಮತ್ತೊಂದು ಲೋಟ ಕುಡಿದ.

"ಅಲ್ಲಮ್ಮ, ಇಟಲಿಗೆ... ನೀವು ಬರೋದು ಬೇಡ."

"ಯಾಕಪ್ಪ?" ಮಗಳು ಮಗುವಿಗೆ ತುತ್ತು ಕಲೆಸುತ್ತಿದ್ದವಳು ತಲೆಯೆತ್ತಿದಳು. "ದುಡ್ಡಿನ ವಿಷಯವಾದ್ರೆ ನಾವೂ ಹಾಕ್ತೀವಿ."

"ದುಡ್ಡಲ್ಲ. ಅಲ್ಲಿ ಆ ನೆಲ ಇದೆ ನೋಡು, ಅದು..."

ಜಿಪ್ಪಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಇಟ್ಟಳು. ಸಣ್ಣ ಸದ್ದಾಯಿತು, ಅಷ್ಟೆ.

"ನೆಲ ಹಾಗಿರಲಿ," ಎಂದ ಮೇಸ್ತ್ರಿ. ಅವನ ಕತ್ತು ಕಿವಿಯವರೆಗೆ ಕೆಂಪಾಗಿತ್ತು. "ನಾನು ನಿನ್ನಮ್ಮನ ಜೊತೆ ಹೋಗಬೇಕು ಅಂತಿದ್ದೀನಿ. ಅವಳೊಬ್ಬಳ ಜೊತೆ. ನಿನಗೆ ಹೌದು ಅಂದಿದ್ದು ನನ್ನ ತಪ್ಪು. ಅವಳನ್ನ ಕೇಳದೆ ಅಂದಿದ್ದೆ."

"ಅಮ್ಮ ಹೇಳಿಕೊಟ್ಟಿದ್ದಾ?"

"ನನಗೇ ಬೇಡ."

ಈ ಮನೆಯಲ್ಲಿ ಆ ಎರಡು ಪದ ಆ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಮಗ ಕೂಡ ಫೋನಿನಿಂದ ಕಣ್ಣು ತೆಗೆದ.

"ಓಹೋ. ಹಾಗಾದ್ರೆ ನಾವೆಲ್ಲ ನಿಮಗೆ ಹೊರೆ," ಎಂದಳು ಮಗಳು.

"ಹೊರೆ ಅಲ್ಲ ಕಣೇ, ಲಗೇಜು," ಎಂದಳು ಅತ್ತೆ. "ಲಗೇಜು ಅಂದ್ರೆ ಬೇಕಾದ್ದೇ. ಆದ್ರೆ ಅದನ್ನ ಯಾವಾಗಲೂ ತೊಡೆ ಮೇಲೆ ಇಟ್ಕೊಂಡು ಕೂರೋಕಾಗಲ್ಲ."

"ಅಜ್ಜೀ, ಸೀಟಿದ್ರೆ ಹತ್ತಿಸಿಕೊಳ್ಳಿ ಅಂತ ನೀವೇ ಅಂದಿದ್ರಂತಲ್ಲ?"

"ಅಂದಿದ್ದೆ. ಅವತ್ತಿಂದ ಯೋಚನೆ ಮಾಡಿದೆ. ಮೂವತ್ತು ವರ್ಷ ಊರನ್ನೆಲ್ಲ ಕೂರಿಸಿದೀನಿ. ಕಿಟಕಿ ಪಕ್ಕ ನಾನು ಒಂದು ದಿನವೂ ಕೂತಿಲ್ಲ. ಕೂತ್ಕೋ ಅಂತ ಯಾವ ಬಡವನೂ ಅನ್ನಲಿಲ್ಲ." ಮುದುಕಿ ಮೊಮ್ಮಗಳ ಕಡೆಯಿಂದ ಸೊಸೆಯ ಕಡೆಗೆ ತಿರುಗಿದಳು. "ನೀನು ಹೋಗು ಜಿಪ್ಪಮ್ಮ. ನಿನ್ನ ಮಗನಿಗೆ ಅಂಗಿ ಹುಡುಕೋಕೆ ನಾನು ಹೇಳಿಕೊಡ್ತೀನಿ."

ಮಗಳು ಎದ್ದಳು. ಮಕ್ಕಳ ಮುಖ ತೊಳೆದು, ಚೀಲ ಹೆಗಲಿಗೇರಿಸಿ, ಊಟ ಮಾಡದೆ ಹೊರಟಳು. ಬಾಗಿಲಲ್ಲಿ ನಿಂತು, "ನಾಳೆಯಿಂದ ಮಕ್ಕಳನ್ನ ಎಲ್ಲಿ ಬಿಡಲಿ?" ಎಂದು ಕೇಳಿದಳು. ಅದು ಬೆದರಿಕೆಯೋ ಪ್ರಶ್ನೆಯೋ ಅವಳಿಗೇ ತಿಳಿದಂತಿರಲಿಲ್ಲ.

"ನಾಳೆ ನನ್ನ ಹತ್ತಿರವೇ ಬಿಡು," ಎಂದಳು ಜಿಪ್ಪಮ್ಮ. "ಸೆಪ್ಟೆಂಬರಿನಲ್ಲಿ ಇರಲ್ಲ. ಈಗಲೇ ಹೇಳಿದೀನಿ."

ಮಗಳು ಮಕ್ಕಳನ್ನು ಬಿಟ್ಟಳು, ಮಾತು ಬಿಟ್ಟಳು. ವಾರಗಟ್ಟಲೆ ಅಂಗಡಿಯ ಬಾಗಿಲಲ್ಲಿ ಮಕ್ಕಳು ಕೈಯಿಂದ ಕೈಗೆ ದಾಟುತ್ತಿದ್ದವೇ ಹೊರತು ಒಂದು ಮಾತೂ ದಾಟುತ್ತಿರಲಿಲ್ಲ. ಜಿಪ್ಪಮ್ಮನಿಗೆ ಇದು ಚುಚ್ಚಿತು. ರಾಜಿಯ ಮಾತು ಹಲವು ಸಲ ನಾಲಿಗೆಯ ತುದಿಗೆ ಬಂತು. ಪ್ರತಿ ಸಲವೂ ಹೊಲಿಗೆಯ ಪಿನ್ನುಗಳನ್ನು ತುಟಿಯ ನಡುವೆ ಕಚ್ಚಿ ಸುಮ್ಮನಾದಳು. ಅಷ್ಟರಲ್ಲಿ, ಆ ತಿಂಗಳ ಕೊನೆಯ ದಿನವೇ, ಇಬ್ಬರೂ ಪ್ರವಾಸ ಕಚೇರಿಗೆ ಹೋಗಿ ಹಳೆಯ ಟಿಕೆಟ್ಟನ್ನೇ ಉಳಿಸಿಕೊಂಡಿದ್ದರು. ಅಡುಗೆಮನೆ ಇರುವ ಬಾಡಿಗೆ ಮನೆ ಬೇಡ, ಹೋಟೆಲಿನ ಕೋಣೆ ಸಾಕು ಎಂದು ಮೇಸ್ತ್ರಿಯೇ ಹೇಳಿದ್ದ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವರು ಆ ಬೆಟ್ಟದೂರಿನ ಚರ್ಚಿನ ಎದುರಿಗಿದ್ದ ಒಂದು ಊಟದ ಅಂಗಡಿಯ ಹೊರಗೆ ಕೂತಿದ್ದರು. ಚರ್ಚಿನ ಬಾಗಿಲಿಗೆ ಜನರ ಸಾಲು ಬೆಳೆಯುತ್ತಿತ್ತು. ಮೇಸ್ತ್ರಿಯ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು.

"ಹೋಗಿ ನೀವು," ಎಂದಳು ಅವಳು. "ನನ್ನ ಊಟ ಮುಗಿದಿಲ್ಲ."

"ಮುಗೀಲಿ," ಎಂದ ಅವನು. ಕಾಲು ಕುಣಿಯುವುದು ನಿಲ್ಲಲಿಲ್ಲ, ಆದರೆ ಏಳಲಿಲ್ಲ.

ಆಗ ಅವಳ ಫೋನ್ ಬಡಿದುಕೊಂಡಿತು. ಮಗಳು. ಅಷ್ಟು ವಾರಗಳ ನಂತರ ಮೊದಲ ಮಾತು: "ಅಮ್ಮಾ, ನೀವು ಭಾನುವಾರ ಬಂದುಬಿಡ್ತೀರಲ್ಲ? ಸೋಮವಾರ ಬೆಳಿಗ್ಗೆಯಿಂದಲೇ ಮಕ್ಕಳನ್ನ ಬಿಡಬೇಕಿತ್ತು. ಇವರಿಗೆ ರಜೆ ಹಾಕೋಕಾಗಲ್ಲಂತೆ."

ಜಿಪ್ಪಮ್ಮ ಉತ್ತರಿಸುವ ಮುಂಚೆ ಮೇಸ್ತ್ರಿ ಕೈ ಚಾಚಿ ಫೋನ್ ತೆಗೆದುಕೊಂಡ.

"ಸೋಮವಾರ ಆಗಲ್ಲಮ್ಮ," ಎಂದ. "ನಿನ್ನಮ್ಮ ಅವತ್ತು ಮಲಗಿರ್ತಾಳೆ."

ಅವನು ಫೋನನ್ನು ಮಗುಚಿ ಬ್ರೆಡ್ಡಿನ ಬುಟ್ಟಿಯ ಪಕ್ಕಕ್ಕಿಟ್ಟ. ಅಂಗಡಿಯವಳು ಬಂದು ಖಾಲಿ ತಟ್ಟೆ ಎತ್ತಿಕೊಂಡು ಹೋದಳು. ಜಿಪ್ಪಮ್ಮನ ಕೈ ಅಭ್ಯಾಸಬಲದಿಂದ ಲೋಟಗಳನ್ನು ಒಂದರೊಳಗೊಂದು ಸೇರಿಸಲು ಹೋಯಿತು. ಅವಳೇ ಅದನ್ನು ಹಿಂದಕ್ಕೆ ಎಳೆದು ಮಡಿಲಲ್ಲಿಟ್ಟುಕೊಂಡಳು. ಇನ್ನೊಂದು ತಟ್ಟೆ ಬರುವುದಿತ್ತು.

ಚರ್ಚಿನೊಳಗೆ ಅವರು ಹೋದದ್ದು ಮರುದಿನ ಬೆಳಿಗ್ಗೆ.

ಸೋಮವಾರ ಮಗಳು ಕೆಲಸಕ್ಕೆ ರಜೆ ಹಾಕಿದಳು. ಮಂಗಳವಾರ ಅಳಿಯ ಹಾಕಿದ, ಮಕ್ಕಳು ಹುಟ್ಟಿದ ಮೇಲೆ ಮೊದಲ ಸಲ.